ಗಡಿಯಾರದ ಮನೆತನಗಳು

ಕೃಷ್ಣಾತೀರದ ತುಬಚಿ ಜಮಖಂಡಿ ತಾಲೂಕಿನ ಒಂದು ಗ್ರಾಮ. ಏತ ನೀರಾವರಿಯ ಯೋಜನೆಯೊಂದಕ್ಕೆ ತನ್ನ ಹೆಸರನ್ನು ಕೊಟ್ಟು ಈಚಿನ ವರ್ಷಗಳಲ್ಲಿ ಪತ್ರಿಕೆಗಳ ಪುಟಗಳಲ್ಲಿ ಕಾಣಿಸಿಕೊಂಡಿರುವ ಈ ಊರಿಗೂ ಏಳು ಸಮುದ್ರದಾಚೆಯ ಜಿನೀವಾ ನಗರಕ್ಕೂ ಎಲ್ಲಿಯ ನಂಟು ಎಂದು ಯಾರಾದರೂ ಹುಬ್ಬೇರಿಸಿದರೆ ಅವರನ್ನು ದೂರುವಂತಿಲ್ಲ. ಆದರೂ ನಂಟು ಇದ್ದುದು ನಿಜ. ಸ್ವಾತಂತ್ರ್ಯದ ಆಚೀಚಿನ ದಶಕಗಳಲ್ಲಿ ಜಮಖಂಡಿ, ಮುಧೋಳ, ಬೀಳಗಿಯ ಸೀಮೆಯ ಹಳ್ಳಿಗಳಲ್ಲಿ ಅನುಕೂಲಸ್ಥ ಬೀಗರು ಮದುವೆಯ ಮಾತುಕತೆಗೆ ಕುಳಿತರೆಂದರೆ, ಬಂಗಾರ, ಬಟ್ಟೆ, ಸೈಕಲ್ಲುಗಳ ಪ್ರಸ್ತಾಪದ ನಡುವೆ ವರನ ಕೈಗಡಿಯಾರದ ಮಾತೂ ಒಂದು ಸಲ ಬಾರದೆ ಇರುತ್ತಿರಲಿಲ್ಲ. ಆ ಗಡಿಯಾರ ‘ಸ್ವಿಸ್’ ಎಂದಾದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಆ ದೇಶ ಭೂಪಟದಲ್ಲಿ ಎಲ್ಲಿದೆಯೆಂಬುದು ಕುಳಿತವರಲ್ಲಿ ಹಲವರಿಗೆ ತಿಳಿಯದು. ಅಲ್ಲಿಯ ಗಡಿಯಾರ ಮೋಸಮಾಡುವುದಿಲ್ಲವೆಂಬುದು ಮಾತ್ರ ಎಲ್ಲರಿಗೂ ತಿಳಿದಿತ್ತು.

ಒಂದು ಪುಟ್ಟ ದೇಶದ ಹೆಸರು ಒಂದು ವಸ್ತುವಿನ ನಂಬಿಕೆಗೆ ಪರ್ಯಾಯಪದವಾಗಿ ನಿಲ್ಲುವುದು ಸಾಮಾನ್ಯ ಸಂಗತಿಯಲ್ಲ. ಅದಕ್ಕಿಂತಲೂ ವಿಚಿತ್ರವಾದ ಸಂಗತಿ ಇನ್ನೊಂದಿದೆ. ಇಂದು ಸಂತೆಯಲ್ಲಿ ಕೆಲವು ನೂರು ರೂಪಾಯಿಗೆ ದೊರೆಯುವ ಬ್ಯಾಟರಿಯ ಗಡಿಯಾರ ತಿಂಗಳಿಗೆ ಹದಿನೈದು ಸೆಕೆಂಡು ಹಿಂದುಮುಂದಾದರೆ ಹೆಚ್ಚು. ಸ್ವಿಟ್ಜರ್‌ಲೆಂಡಿನ ಅಧಿಕೃತ ಪರೀಕ್ಷಾಸಂಸ್ಥೆಯಿಂದ ಪ್ರಮಾಣಪತ್ರ ಪಡೆದ ಕೀಲಿಯ ಗಡಿಯಾರಕ್ಕಾದರೋ ದಿನವೊಂದಕ್ಕೆ ನಾಲ್ಕು ಸೆಕೆಂಡು ಹಿಂದೆ, ಆರು ಸೆಕೆಂಡು ಮುಂದೆ ಹೋಗುವ ಅವಕಾಶವನ್ನು ನಿಯಮವೇ ಕೊಟ್ಟಿದೆ. ಹೀಗೆ, ನಿಖರತೆಯಲ್ಲಿ ಸೋತ ವಸ್ತುವಿಗೆ ಜನ ಲಕ್ಷಗಟ್ಟಲೆ ಹಣ ಸುರಿಯುತ್ತಾರೆ. ಗೆದ್ದದ್ದನ್ನು ಬ್ಯಾಟರಿ ಮುಗಿದೊಡನೆ ಮೂಲೆಗೆಸೆಯುತ್ತಾರೆ! ಇದು ಬರಿಯ ಸಿರಿವಂತರ ಮರುಳೆಂದು ನಕ್ಕು ಸುಮ್ಮನಾಗಬಹುದು. ಆದರೆ ಆ ಮರುಳಿನ ಹಿಂದೆ ಸುಮಾರು ನಾಲ್ಕು ಶತಮಾನಗಳ ಕಥೆಯಿದೆ. ಕಥೆಯ ಒಂದು ಕವಲು ಬೆಂಗಳೂರಿನ ಜಾಲಹಳ್ಳಿಯಲ್ಲಿ, ತುಮಕೂರಿನಲ್ಲಿ ಹರಿದು ಬತ್ತಿದೆ.

ಹಿಮದ ಮನೆಗಳಲ್ಲಿ

ಹದಿನಾರನೆಯ ಶತಮಾನದಲ್ಲಿ ಜಿನೀವಾ ನಗರ ಜಾನ್ ಕ್ಯಾಲ್ವಿನ್ ಎಂಬ ಕಟ್ಟುನಿಟ್ಟಿನ ಧರ್ಮಸುಧಾರಕನ ಹಿಡಿತದಲ್ಲಿತ್ತು. ಆಭರಣ ಧರಿಸುವುದು ಆಡಂಬರ, ಆಡಂಬರ ಪಾಪ ಎಂದು ಆತನ ಕಟ್ಟಳೆ. ಊರಿನ ಅಕ್ಕಸಾಲಿಗರ ಗತಿಯೇನಾಗಬೇಕು? ಫ್ರಾನ್ಸಿನಲ್ಲಿ ಮತದ ಕಿರುಕುಳಕ್ಕೆ ಸಿಕ್ಕಿ ಓಡಿಬಂದ ಪ್ರಾಟೆಸ್ಟಂಟ್ ಕುಶಲಕರ್ಮಿಗಳು ಅದೇ ಕಾಲಕ್ಕೆ ಗಡಿಯಾರದ ವಿದ್ಯೆಯನ್ನು ಹೊತ್ತು ಜಿನೀವಾಕ್ಕೆ ಬಂದರು. ಒಡವೆ ನಿಷಿದ್ಧವಾದರೂ ಗಡಿಯಾರ ಉಪಯುಕ್ತ ಸಾಧನ, ಅದಕ್ಕೆ ಅಡ್ಡಿಯಿಲ್ಲ. ಚಿನ್ನದ ಕೆಲಸ ಬಲ್ಲ ಕೈಗೂ ಚಕ್ರದ ಕೆಲಸ ಬಲ್ಲ ಕೈಗೂ ಹೀಗೆ ಗಂಟು ಬಿತ್ತು. ೧೬೦೧ರಲ್ಲಿ ಜಿನೀವಾದ ಗಡಿಯಾರ ಕೆಲಸಗಾರರು ತಮ್ಮದೇ ಸಂಘವನ್ನು ಕಟ್ಟಿಕೊಂಡರು. ಬೆಳಕು ಹೆಚ್ಚು ಬೀಳುವ ಅಟ್ಟದ ಕೋಣೆಗಳಲ್ಲಿ, ಕಿಟಕಿಗೆ ಎದೆಯೊಡ್ಡಿ ಕುಳಿತು ಕೆಲಸಮಾಡುತ್ತಿದ್ದ ಇವರಿಗೆ ‘ಕ್ಯಾಬಿನೋತಿಯೆ’ ಎಂದು ಹೆಸರು.

ಜಿನೀವಾದಿಂದ ಉತ್ತರಕ್ಕೆ ಜೂರಾ ಪರ್ವತಗಳ ಸಾಲು. ಅಲ್ಲಿ ರೈತರು ಬೇಸಗೆಯಲ್ಲಿ ದನ ಮೇಯಿಸಿ, ಗಿಣ್ಣು ಮಾಡಿ ಬದುಕುವವರು. ಚಳಿಗಾಲ ಬಂದಿತೆಂದರೆ ಹಿಮ ಬಾಗಿಲವರೆಗೂ ಏರಿ ತಿಂಗಳುಗಟ್ಟಲೆ ಮನೆಯೊಳಗೇ ಸೆರೆ. ಆ ಬಿಡುವಿನ ತಿಂಗಳುಗಳೇ ಅವರನ್ನು ಗಡಿಯಾರದ ಕೆಲಸಕ್ಕೆ ತಿರುಗಿಸಿದವು. ದಾನಿಯೆಲ್ ಜಾನ್‌ರಿಶಾರ್ ಎಂಬ ಹುಡುಗ ೧೬೭೯ರಲ್ಲಿ ಕುದುರೆ ವ್ಯಾಪಾರಿಯೊಬ್ಬನ ಕೆಟ್ಟುಹೋದ ಇಂಗ್ಲಿಷ್ ಗಡಿಯಾರವನ್ನು ಬಿಚ್ಚಿ ಸರಿಪಡಿಸಿ, ಅದನ್ನು ನೋಡಿಯೇ ತಾನೊಂದನ್ನು ಮಾಡಿದನೆಂದು ಆ ಸೀಮೆಯಲ್ಲಿ ಹೇಳುವ ಐತಿಹ್ಯವುಂಟು. ಐತಿಹ್ಯದಲ್ಲಿ ಎಷ್ಟು ನಿಜವೋ, ಆತನ ಬಳಿಕ ಒಂದೆರಡು ತಲೆಮಾರುಗಳಲ್ಲಿ ಆ ಕಣಿವೆಗಳ ಮನೆಮನೆಯಲ್ಲಿ ಅರ, ಚಿಮಟ, ಭೂತಗನ್ನಡಿಗಳು ಬಂದು ಕುಳಿತದ್ದು ಮಾತ್ರ ಇತಿಹಾಸ.

ಈ ವ್ಯವಸ್ಥೆ ಹೇಗೆ ನಡೆಯುತ್ತಿತ್ತೆಂಬುದನ್ನು ರಬಕವಿ-ಬನಹಟ್ಟಿಯನ್ನು ಕಂಡವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ನೇಕಾರ ತನ್ನ ಮನೆಯ ಕುಣಿಮಗ್ಗದಲ್ಲೇ ಕುಳಿತು ನೇಯುತ್ತಾನೆ. ನೂಲು ಮಾಲಕನಿಂದ ಬರುತ್ತದೆ, ಸೀರೆ ಮಾಲಕನಿಗೆ ಹೋಗುತ್ತದೆ. ಬಣ್ಣ ಹಾಕುವವರು ಬೇರೆ, ಹಾಸು ಹೂಡುವವರು ಬೇರೆ. ಜೂರಾದಲ್ಲಿಯೂ ಹಾಗೆಯೇ. ಒಂದು ಮನೆಯಲ್ಲಿ ಚಕ್ರದ ಹಲ್ಲು ಕೊರೆದರೆ ಇನ್ನೊಂದರಲ್ಲಿ ಮುಳ್ಳು ತೀಡುವರು. ಮತ್ತೊಂದರಲ್ಲಿ ಡಯಲಿಗೆ ಎನಾಮಲ್ ಬಳಿಯುವರು. ಎಲ್ಲವನ್ನೂ ಸಂಗ್ರಹಿಸಿ, ಜೋಡಿಸಿ, ತನ್ನ ಹೆಸರು ಬರೆದು ಮಾರುವವನು ಒಬ್ಬ ಯಜಮಾನ. ಲಾ ಶೋ-ದ-ಫೋಂ ಎಂಬ ಪಟ್ಟಣ ೧೭೯೪ರಲ್ಲಿ ಸುಟ್ಟು ಬೂದಿಯಾದ ಮೇಲೆ ಅದನ್ನು ಮರಳಿ ಕಟ್ಟಿದವರು ಪ್ರತಿ ಮನೆಯ ಕೆಲಸದ ಕೋಣೆಗೂ ಸೂರ್ಯನ ಬೆಳಕು ಬೀಳುವಂತೆ ಬೀದಿಗಳ ಸಾಲು ಹಾಕಿದರು. ಕಾರ್ಲ್ ಮಾರ್ಕ್ಸ್ ತನ್ನ ‘ಬಂಡವಾಳ’ ಗ್ರಂಥದಲ್ಲಿ ಇಡೀ ಈ ಪಟ್ಟಣವನ್ನೇ ಒಂದು ದೊಡ್ಡ ಗಡಿಯಾರ ಕಾರ್ಖಾನೆಯೆಂದು ಪರಿಗಣಿಸಿದ್ದಾನೆ. ೨೦೦೯ರಲ್ಲಿ ಯುನೆಸ್ಕೋ ಅದನ್ನೂ ನೆರೆಯ ಲ ಲೋಕ್ಲ್ ಪಟ್ಟಣವನ್ನೂ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಹೆಸರು ಕಟ್ಟಿದವರು

ದೊಡ್ಡ ಮನೆತನಗಳೆಲ್ಲ ಈ ಮಣ್ಣಿನಲ್ಲೇ ಬೇರುಬಿಟ್ಟವು. ವಾಶೆರೋನ್ ಕಾನ್ಸ್ಟಾಂಟಿನ್ ಸಂಸ್ಥೆಯ ಮೂಲಪುರುಷ ಜಾನ್-ಮಾರ್ಕ್ ವಾಶೆರೋನ್ ಜಿನೀವಾದಲ್ಲಿ ಅಂಗಡಿಯಿಟ್ಟದ್ದು ೧೭೫೫ರಲ್ಲಿ. ಅಲ್ಲಿಂದೀಚೆಗೆ ಆ ಸಂಸ್ಥೆಯ ಕೆಲಸ ನಿಂತಿಲ್ಲ. ನ್ಯೂಶಾಟೆಲಿನಲ್ಲಿ ಹುಟ್ಟಿ ಪ್ಯಾರಿಸಿನಲ್ಲಿ ಹೆಸರಾದ ಅಬ್ರಹಾಂ-ಲೂಯಿ ಬ್ರೆಗೆ, ಗಡಿಯಾರ ಜೇಬಿನಲ್ಲಿ ನೆಟ್ಟಗೆ ನಿಂತಾಗ ಭೂಮಿಯ ಸೆಳೆತದಿಂದ ಅದರ ಗತಿ ತಪ್ಪುವುದನ್ನು ನಿವಾರಿಸಲು ಹೃದಯಭಾಗವನ್ನೇ ಒಂದು ಪಂಜರದಲ್ಲಿಟ್ಟು ಮೆಲ್ಲನೆ ತಿರುಗಿಸುವ ಉಪಾಯ ಹೂಡಿದನು. ‘ಟೂರ್ಬಿಯೋನ್’ ಎಂಬ ಈ ಯುಕ್ತಿಗೆ ಆತ ೧೮೦೧ರಲ್ಲಿ ಹಕ್ಕುಪತ್ರ ಪಡೆದನು. ಪೋಲೆಂಡಿನಿಂದ ದೇಶಭ್ರಷ್ಟನಾಗಿ ಬಂದ ಆಂತೋನಿ ಪಾಟೆಕ್ ೧೮೩೯ರಲ್ಲಿ ಜಿನೀವಾದಲ್ಲಿ ಗಡಿಯಾರದ ವ್ಯವಹಾರ ತೊಡಗಿ, ಕೀಲಿಕೈಯಿಲ್ಲದೆ ತಲೆಗುಂಡಿಯನ್ನೇ ತಿರುವಿ ಕೀಲಿ ಕೊಡುವ ಯಂತ್ರವನ್ನು ರೂಪಿಸಿದ ಆಡ್ರಿಯೆನ್ ಫಿಲಿಪ್ ಎಂಬ ಫ್ರೆಂಚನನ್ನು ಜೊತೆಗೆ ಸೇರಿಸಿಕೊಂಡನು. ೧೮೫೧ರಿಂದ ಅದು ‘ಪಾಟೆಕ್ ಫಿಲಿಪ್’. ಇಂದು ಯಾವ ಅಜ್ಜನಿಗೂ ಅಜ್ಜಿಗೂ ಕೀಲಿಕೈ ಹುಡುಕುವ ಕಷ್ಟವಿಲ್ಲದಿರುವುದಕ್ಕೆ ಈ ಫಿಲಿಪ್ ಮಹಾಶಯನೂ ಒಬ್ಬ ಕಾರಣಪುರುಷ. ಜೂ ಕಣಿವೆಯಲ್ಲಿ ೧೮೩೩ರಲ್ಲಿ ಆಂತ್ವಾನ್ ಲಕುಲ್ತ್ರ್, ೧೮೭೫ರಲ್ಲಿ ಓಡೆಮಾರ್ ಮತ್ತು ಪಿಗೆ ಕೆಲಸಕ್ಕೆ ಕುಳಿತರು. ಲಕುಲ್ತ್ರನು ಮಿಲಿಮೀಟರಿನ ಸಾವಿರದ ಒಂದಂಶವನ್ನು ಅಳೆಯುವ ಸಾಧನವನ್ನು ೧೮೪೪ರಲ್ಲೇ ಮಾಡಿಕೊಂಡಿದ್ದನೆಂದರೆ ಅವರ ಹಟ ಎಂಥದೆಂಬುದು ತಿಳಿದೀತು.

ಎಲ್ಲರಿಗಿಂತ ಹೆಚ್ಚು ಪ್ರಖ್ಯಾತವಾದ ರೋಲೆಕ್ಸ್ ಮಾತ್ರ ಹುಟ್ಟಾ ಸ್ವಿಸ್ ಅಲ್ಲವೆಂಬುದು ಸ್ವಾರಸ್ಯದ ಮಾತು. ಅದನ್ನು ಸ್ಥಾಪಿಸಿದ ಹಾನ್ಸ್ ವಿಲ್ಸ್‌ಡಾರ್ಫ್ ಜರ್ಮನಿಯಲ್ಲಿ ಹುಟ್ಟಿದ ಅನಾಥ ಹುಡುಗ. ೧೯೦೫ರಲ್ಲಿ ಅಂಗಡಿಯಿಟ್ಟದ್ದು ಲಂಡನ್ನಿನಲ್ಲಿ. ಮೊದಲ ಮಹಾಯುದ್ಧದ ಬಳಿಕವೇ ಜಿನೀವಾಕ್ಕೆ ಬಂದದ್ದು. ನೀರು ಒಳಹೋಗದ ‘ಆಯ್‌ಸ್ಟರ್’ ಗಡಿಯಾರವನ್ನು ೧೯೨೬ರಲ್ಲಿ ಮಾಡಿ, ಮರುವರ್ಷ ಇಂಗ್ಲಿಷ್ ಕಾಲುವೆಯನ್ನು ಈಜಹೊರಟ ಮರ್ಸಿಡಿಸ್ ಗ್ಲೈಟ್ಜ್ ಎಂಬ ತರುಣಿಯ ಕೊರಳಿಗೆ ಅದನ್ನು ಕಟ್ಟಿ ಕಳುಹಿಸಿದನು. ಬಳಿಕ ಆ ಸುದ್ದಿಯನ್ನು ಪತ್ರಿಕೆಯ ಮುಖಪುಟದಲ್ಲಿ ಜಾಹೀರಾತಾಗಿ ಹರಡಿದನು. ಕೀರ್ತಿಯಲ್ಲಿ ಕೆಲಸದ ಪಾಲೆಷ್ಟು, ಜಾಹೀರಾತಿನ ಪಾಲೆಷ್ಟು ಎಂಬ ಜಿಜ್ಞಾಸೆಗೆ ಅಂದಿನಿಂದಲೂ ಬಿಡುವಿಲ್ಲ.

ಇಷ್ಟಾಗಿ, ಆ ಲೋಹದ ಡಬ್ಬಿಯೊಳಗೆ ಇರುವುದಾದರೂ ಏನು? ಸುರುಳಿ ಸುತ್ತಿದ ಒಂದು ಸ್ಪ್ರಿಂಗು ಬಿಚ್ಚಿಕೊಳ್ಳಲು ತವಕಿಸುತ್ತದೆ. ಹಲ್ಲುಚಕ್ರಗಳ ಸಾಲು ಅದರ ಬಲವನ್ನು ಹೊತ್ತು ಸಾಗಿಸುತ್ತದೆ. ಕೊನೆಯಲ್ಲಿ ಕೂದಲೆಳೆಯಂಥ ಇನ್ನೊಂದು ಸ್ಪ್ರಿಂಗಿನ ಆಸರೆಯಲ್ಲಿ ತೂಗುವ ಚಕ್ರವೊಂದು ಆ ಬಲವನ್ನು ಒಂದೇ ಸಮನಾದ ತುಣುಕುಗಳಾಗಿ ಕತ್ತರಿಸುತ್ತದೆ. ಹಳೆಯ ಗಡಿಯಾರಗಳಲ್ಲಿ ಸೆಕೆಂಡಿಗೆ ಐದು ಸಲ, ಈಗಿನ ಅನೇಕ ಗಡಿಯಾರಗಳಲ್ಲಿ ಎಂಟು ಸಲ ‘ಟಿಕ್’ ಎನ್ನುವುದು ಈ ಕತ್ತರಿಯೇ. ದೊಡ್ಡ ಮನೆತನಗಳ ಪೈಪೋಟಿ ಇದರ ಮೇಲೆ ಏನೇನನ್ನು ಹೇರಬಹುದೆಂಬುದರಲ್ಲಿ. ತಿಂಗಳಿಗೆ ೩೦ ದಿನವೋ ೩೧ ದಿನವೋ, ಫೆಬ್ರವರಿಗೆ ೨೯ ಬಂದ ವರ್ಷ ಯಾವುದೋ ಎಂಬುದನ್ನು ನಾಲ್ಕು ವರ್ಷಕ್ಕೊಮ್ಮೆ ಸುತ್ತುವ ಚಕ್ರದ ಅಂಚಿನ ಏರುತಗ್ಗುಗಳಲ್ಲೇ ಬರೆದಿಟ್ಟು ತಾನಾಗಿ ತಿಳಿಯುವ ಗಡಿಯಾರಗಳಿವೆ. ೨೧೦೦ನೆಯ ಇಸವಿ ಬಂದಾಗ ಮಾತ್ರ ಅವುಗಳಲ್ಲಿ ಬಹುತೇಕ ಎಲ್ಲವೂ ಎಡವುತ್ತವೆ. ನಾಲ್ಕರಿಂದ ಭಾಗವಾದರೂ ಆ ವರ್ಷಕ್ಕೆ ಅಧಿಕದಿನವಿಲ್ಲ! ವಾಶೆರೋನ್ ಸಂಸ್ಥೆ ೨೦೨೪ರಲ್ಲಿ ಹೊರತಂದ ಜೇಬುಗಡಿಯಾರವೊಂದರಲ್ಲಿ ೨,೮೭೭ ಬಿಡಿಭಾಗಗಳಿದ್ದು, ಅದು ಚೀನೀ ಪಂಚಾಂಗವನ್ನೂ ತೋರಿಸುತ್ತದೆ. ನಮ್ಮ ಪಂಚಾಂಗದಂತೆ ಚೀನೀ ಪಂಚಾಂಗಕ್ಕೂ ಚಂದ್ರ-ಸೂರ್ಯರ ಲೆಕ್ಕ ಹೊಂದಿಸುವ ಅಧಿಕಮಾಸವುಂಟು. ಅದು ಎರಡು ಮೂರು ವರ್ಷಕ್ಕೊಮ್ಮೆ ಒಂದೇ ಕ್ರಮದಲ್ಲಿ ಬರುವುದೂ ಇಲ್ಲ. ಅದನ್ನು ಹಲ್ಲುಚಕ್ರಗಳಿಗೆ ಕಲಿಸುವುದು ಎಂಥ ಸಾಹಸವೆಂಬುದನ್ನು, ಚೈತ್ರಕ್ಕೆ ಮುನ್ನ ಹೊಸ ಪಂಚಾಂಗ ತಂದು ಮೊದಲು ‘ಅಧಿಕ ಯಾವುದು?’ ಎಂದು ಹುಡುಕುವ ಮನೆಯವರು ಥಟ್ಟನೆ ಗ್ರಹಿಸುವರು.

ಬೊಂಬಾಯಿಯ ಹಾದಿ

ಭಾರತಕ್ಕೆ ಈ ಗಡಿಯಾರಗಳು ಬಂದದ್ದು ಬೊಂಬಾಯಿಯ ಬಂದರಿನಿಂದ. ೧೭೩೭ರಷ್ಟು ಹಿಂದಿನ ಮನೆತನವಾದ ಫೇವರ್ ಲ್ಯೂಬಾ ೧೮೬೫ರಲ್ಲೇ ಅಲ್ಲಿ ವ್ಯಾಪಾರಕ್ಕೆ ನಿಂತಿತು. ೧೮೮೬ರಲ್ಲಿ ವೆಸ್ಟ್ ಎಂಡ್ ವಾಚ್ ಕಂಪನಿ ಬಂತು. ಹೆಸರು ಲಂಡನ್ನಿನದು, ಗಡಿಯಾರ ಸ್ವಿಸ್ಸರದು, ಗಿರಾಕಿ ಹಿಂದುಸ್ಥಾನದವನು; ವ್ಯಾಪಾರದ ಜಾಣತನವೆಂದರೆ ಇದು. ರೈಲ್ವೆಗೂ ಸೈನ್ಯಕ್ಕೂ ಗಡಿಯಾರ ಒದಗಿಸಿದ ಈ ಕಂಪನಿಯ ‘ಸೋವಾರ್’ ಎಂಬ ಗಡಿಯಾರಕ್ಕೆ ಕುದುರೆಸವಾರನೆಂದೇ ಅರ್ಥ. ಪುಣೆ-ಬೆಂಗಳೂರು ಹಾದಿಯ ಪೇಟೆಗಳ ಮೂಲಕ ಇವು ಮುಂಬಯಿ ಕರ್ನಾಟಕದ ಊರುಗಳಿಗೆ ಹರಿದುಬಂದವು. ವಕೀಲರ ಕರಿಯ ಕೋಟಿನಲ್ಲಿ, ಸ್ಟೇಶನ್ ಮಾಸ್ತರರ ಜೇಬಿನಲ್ಲಿ, ಊರ ದೇಸಾಯರ ಮಣಿಕಟ್ಟಿನಲ್ಲಿ ಕುಳಿತವು. ಗಳಿಗೆ ಬಟ್ಟಲನ್ನು ನೀರಿಗೆ ಬಿಟ್ಟು ಮುಹೂರ್ತ ಕಾಯುತ್ತಿದ್ದ ಪುರೋಹಿತರೂ ಮೆಲ್ಲನೆ ಪಕ್ಕದವರ ಕೈಯತ್ತ ನೋಡತೊಡಗಿದರು.

ಭಾರತ ಕೊಂಡದ್ದಷ್ಟೇ ಅಲ್ಲ, ಕೊಟ್ಟದ್ದೂ ಉಂಟು. ೧೯೩೦ರ ಹೊತ್ತಿಗೆ ಇಲ್ಲಿಯ ಬ್ರಿಟಿಷ್ ಅಧಿಕಾರಿಗಳು ಪೋಲೋ ಆಡುವಾಗ ಚೆಂಡಿನ ಹೊಡೆತಕ್ಕೆ ಗಡಿಯಾರದ ಗಾಜು ಒಡೆಯುತ್ತಿದ್ದುದನ್ನು ಸೆಸಾರ್ ದ ತ್ರೇ ಎಂಬ ಸ್ವಿಸ್ ವ್ಯಾಪಾರಿ ಕಂಡನೆಂದೂ, ಆ ದೂರಿನಿಂದಲೇ ಮುಖವನ್ನು ಮಗುಚಿ ಬೆನ್ನನ್ನು ಹೊರಮಾಡಬಲ್ಲ ‘ರಿವರ್ಸೋ’ ಗಡಿಯಾರ ಹುಟ್ಟಿತೆಂದೂ ಅದನ್ನು ಮಾಡಿದ ಜೇಜರ್-ಲಕುಲ್ತ್ರ್ ಸಂಸ್ಥೆ ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ. ೧೯೩೧ರಲ್ಲಿ ಅದಕ್ಕೆ ಹಕ್ಕುಪತ್ರ ಕೋರಲಾಯಿತು.

ಆದರೆ ಈ ನೆಲದಲ್ಲಿ ಅತ್ಯಂತ ಗೌರವ ಪಡೆದ ಸ್ವಿಸ್ ಗಡಿಯಾರ ಯಾವ ಸಂಸ್ಥಾನಿಕನದೂ ಅಲ್ಲ. ಬರಿಮೈಯ ಮೇಲೆ ಮೊಣಕಾಲುದ್ದದ ಪಂಚೆಯುಟ್ಟ ಮಹಾತ್ಮಾ ಗಾಂಧೀಜಿಯವರ ಸೊಂಟದಲ್ಲಿ ತೂಗುತ್ತಿದ್ದ ಜೆನಿತ್ ಕಂಪನಿಯ ಬೆಳ್ಳಿಯ ಜೇಬುಗಡಿಯಾರವದು. ವಿಲಾಸದ ವಸ್ತುಗಳನ್ನೆಲ್ಲ ತೊರೆದ ಆ ಮಹಾಪುರುಷ ಒಂದು ನಿಮಿಷದ ಅಪವ್ಯಯವನ್ನೂ ಸಹಿಸುತ್ತಿರಲಿಲ್ಲ. ೨೦೦೯ರಲ್ಲಿ ನ್ಯೂಯಾರ್ಕಿನಲ್ಲಿ ಅವರ ಕನ್ನಡಕ, ಚಪ್ಪಲಿ, ಬಟ್ಟಲು, ತಟ್ಟೆಗಳೊಡನೆ ಜೆನಿತ್ ಗಡಿಯಾರವೂ ಹರಾಜಿಗೆ ಬಂದಾಗ ಬೆಂಗಳೂರಿನ ಉದ್ಯಮಿ ವಿಜಯ ಮಲ್ಯ ಅವನ್ನು ೧೮ ಲಕ್ಷ ಡಾಲರಿಗೆ ಕೂಗಿ ಪಡೆದರು. ಪಾಟೆಕ್ ಫಿಲಿಪ್ಪಿನ ಗಡಿಯಾರವೊಂದು ೨೦೧೯ರಲ್ಲಿ ಜಿನೀವಾದ ಧರ್ಮಾರ್ಥ ಹರಾಜಿನಲ್ಲಿ ೩ ಕೋಟಿ ೧೦ ಲಕ್ಷ ಫ್ರಾಂಕಿಗೆ ಹೋದದ್ದುಂಟು. ಬೆಳ್ಳಿಯ ಹಳೆಯ ಜೆನಿತ್ ಯಂತ್ರಕೌಶಲದಲ್ಲಿ ಅದರ ಸಮೀಪಕ್ಕೂ ಬಾರದು. ಎರಡರಲ್ಲಿ ಯಾವುದು ಬೆಲೆಯುಳ್ಳದ್ದೆಂದು ನಿರ್ಣಯಿಸುವ ತಕ್ಕಡಿ ಹರಾಜಿನವರ ಬಳಿ ಇದ್ದೀತೆ?

ಅಟ್ಟದಲ್ಲಿ ಅಡಗಿಸಿಟ್ಟ ವಿದ್ಯೆ

೧೯೬೯ರ ಡಿಸೆಂಬರ್ ೨೫ರಂದು ಜಪಾನಿನ ಸೈಕೋ ಕಂಪನಿ ‘ಆಸ್ಟ್ರಾನ್’ ಎಂಬ ಕೈಗಡಿಯಾರವನ್ನು ಮಾರಾಟಕ್ಕಿಟ್ಟಿತು. ಅದರಲ್ಲಿ ತೂಗುವ ಚಕ್ರವಿರಲಿಲ್ಲ. ಬ್ಯಾಟರಿಯ ವಿದ್ಯುತ್ತಿನಿಂದ ಕಂಪಿಸುವ ಸ್ಫಟಿಕದ ಚೂರು ಇತ್ತು. ಇದೇ ಜಾತಿಯ ಸ್ಫಟಿಕ ಇಂದಿನ ಗಡಿಯಾರಗಳಲ್ಲಿ ಸೆಕೆಂಡಿಗೆ ೩೨,೭೬೮ ಸಲ ಕಂಪಿಸುತ್ತದೆ. ಸೆಕೆಂಡಿಗೆ ಐದೋ ಎಂಟೋ ಸಲ ತೂಗುವ ಚಕ್ರ ಅದರೆದುರು ಗೆಲ್ಲುವುದೆಂತು? ಸ್ಫಟಿಕದ ಗಡಿಯಾರವನ್ನು ಸ್ವಿಸ್ ಪ್ರಯೋಗಶಾಲೆಗಳೂ ಆ ವೇಳೆಗೆ ಮಾಡಿದ್ದವು. ಆದರೆ ಶತಮಾನಗಳ ಕಸುಬನ್ನು ನೆಚ್ಚಿದ ಯಜಮಾನರಿಗೆ ಅದರಲ್ಲಿ ಮನಸ್ಸಿರಲಿಲ್ಲ. ಫಲ ಘೋರವಾಯಿತು. ೧೯೭೦ರಲ್ಲಿ ಸುಮಾರು ೯೦ ಸಾವಿರ ಜನ ದುಡಿಯುತ್ತಿದ್ದ ಉದ್ಯಮ ೧೯೮೦ರ ದಶಕದ ನಡುವಿನ ಹೊತ್ತಿಗೆ ಮೂರನೆಯ ಒಂದು ಪಾಲಿಗೆ ಕುಗ್ಗಿತು. ಕಣಿವೆಗಳ ಕಾರ್ಖಾನೆಗಳು ಒಂದರ ಹಿಂದೊಂದು ಬಾಗಿಲಿಕ್ಕಿದವು. ಭಾರತೀಯರ ಬಾಯಲ್ಲಿ ಮನೆಮಾತಾಗಿದ್ದ ಫೇವರ್ ಲ್ಯೂಬಾವೂ ಆ ದಶಕದಲ್ಲಿ ಎಂಟು ತಲೆಮಾರು ನಡೆಸಿದ ಮನೆತನದ ಕೈತಪ್ಪಿತು.

ಈ ಕಾಲದ ಒಂದು ಘಟನೆಯನ್ನು ವಿಸ್ತರಿಸಿ ಹೇಳುವುದು ಉಚಿತ. ಜೆನಿತ್ ಸಂಸ್ಥೆ ಆಗ ಅಮೆರಿಕದ ಒಡೆಯರ ವಶದಲ್ಲಿತ್ತು. ಇನ್ನು ಮೇಲೆ ಸ್ಫಟಿಕದ ಗಡಿಯಾರ ಮಾತ್ರ. ಚಕ್ರದ ಗಡಿಯಾರ ಮಾಡುವ ಅಚ್ಚು, ಹತ್ಯಾರುಗಳನ್ನೆಲ್ಲ ಗುಜರಿಗೆ ಹಾಕತಕ್ಕದ್ದು ಎಂದು ೧೯೭೦ರ ದಶಕದ ನಡುವೆ ಅಪ್ಪಣೆ ಬಂತು. ಲ ಲೋಕ್ಲಿನ ಆ ಕಾರ್ಖಾನೆಯಲ್ಲಿ ಶಾರ್ಲ್ ವೆರ್ಮೋ ಎಂಬ ಗಡಿಯಾರ ಕೆಲಸಗಾರನಿದ್ದನು. ಸೆಕೆಂಡಿನ ಹತ್ತನೆಯ ಒಂದಂಶವನ್ನು ಅಳೆಯುವ ‘ಎಲ್ ಪ್ರಿಮೆರೋ’ ಯಂತ್ರವನ್ನು ೧೯೬೯ರಲ್ಲಿ ರೂಪಿಸಿದವರಲ್ಲಿ ಅವನೂ ಒಬ್ಬ. ಒಡೆಯರಿಗೆ ಬರೆದುಕೊಂಡ ವಿನಂತಿ ಫಲಿಸದಿದ್ದಾಗ, ಆತ ಆ ಅಚ್ಚುಗಳನ್ನೂ ಸಾಧನಗಳನ್ನೂ ನಕ್ಷೆಗಳನ್ನೂ ಗುಟ್ಟಾಗಿ ಕಾರ್ಖಾನೆಯ ಅಟ್ಟಕ್ಕೆ ಸಾಗಿಸಿ, ಒಂದೊಂದಕ್ಕೂ ಗುರುತು ಬರೆದು, ಅಡಗಿಸಿಟ್ಟನು. ವರ್ಷಗಳು ಕಳೆದವು. ೧೯೮೦ರ ದಶಕದಲ್ಲಿ ಚಕ್ರದ ಗಡಿಯಾರಕ್ಕೆ ಮತ್ತೆ ಬೇಡಿಕೆ ಹುಟ್ಟಿದಾಗ ಆ ಅಟ್ಟ ತೆರೆಯಿತು. ೧೯೮೮ರಲ್ಲಿ ರೋಲೆಕ್ಸ್ ಸಂಸ್ಥೆಯೇ ತನ್ನ ‘ಡೇಟೋನಾ’ ಗಡಿಯಾರಕ್ಕೆ ಎಲ್ ಪ್ರಿಮೆರೋ ಯಂತ್ರವನ್ನು ಆಧಾರವಾಗಿ ಕೊಂಡಿತು. ಒಬ್ಬ ನೌಕರನ ಅವಿಧೇಯತೆ ಒಂದು ಸಂಸ್ಥೆಯನ್ನು ಬದುಕಿಸಿತು.

ಉಳಿದ ಉದ್ಯಮ ಎರಡು ಹಾದಿಗಳಲ್ಲಿ ಚೇತರಿಸಿಕೊಂಡಿತು. ನಿಕೋಲಾಸ್ ಹಾಯೆಕ್ ಅವರ ಸಲಹೆಯಂತೆ ದಿವಾಳಿಯ ಅಂಚಿನ ದೊಡ್ಡ ಸಂಸ್ಥೆಗಳು ಒಂದಾದವು. ೧೯೮೩ರಲ್ಲಿ ಕೇವಲ ೫೧ ಬಿಡಿಭಾಗಗಳ, ಬಣ್ಣಬಣ್ಣದ ಪ್ಲಾಸ್ಟಿಕ್ ‘ಸ್ವಾಚ್’ ಮಾರುಕಟ್ಟೆಗೆ ಬಂತು. ಅಗ್ಗದ ಯುದ್ಧವನ್ನು ಅಗ್ಗದಿಂದಲೇ ಹೂಡಿದ ಹಾದಿ ಇದು. ಇನ್ನೊಂದು ಹಾದಿ ಉಲ್ಟಾ. ಬ್ಲಾಂಕ್‌ಪೇನ್ ಎಂಬ ಹಳೆಯ ಹೆಸರನ್ನು ಕೊಂಡು ಎಚ್ಚರಿಸಿದವರು, ತಾವು ಎಂದೂ ಸ್ಫಟಿಕದ ಗಡಿಯಾರ ಮಾಡಿಲ್ಲ, ಮಾಡುವುದೂ ಇಲ್ಲ ಎಂದು ಸಾರಿದರು. ಸೋತ ವಿದ್ಯೆಯನ್ನೇ ಬಾವುಟವಾಗಿ ಎತ್ತಿಹಿಡಿದರು! ಸಮಯ ತಿಳಿಯುವುದಕ್ಕಾಗಿ ಗಡಿಯಾರ ಕೊಳ್ಳುವ ಕಾಲ ಮುಗಿದಿತ್ತು. ಮನುಷ್ಯನ ಕೈ ಎಷ್ಟು ಸೂಕ್ಷ್ಮಕ್ಕೆ ಇಳಿಯಬಲ್ಲದೆಂಬುದನ್ನು ಕಟ್ಟಿಕೊಳ್ಳುವ ಕಾಲ ತೊಡಗಿತು. ತಾನು ೧೮೩೯ರಿಂದೀಚೆಗೆ ಮಾಡಿದ ಯಾವ ಗಡಿಯಾರವನ್ನಾದರೂ ದುರಸ್ತಿ ಮಾಡಿಕೊಡುವೆನೆಂದು ಪಾಟೆಕ್ ಫಿಲಿಪ್ ಹೇಳಿಕೊಳ್ಳುತ್ತದೆ. ಕೊಂಡವನು ಸತ್ತರೂ ಗಡಿಯಾರವನ್ನು ಸಾಯಗೊಡದ ಈ ಮಾತೇ ಅದರ ಬೆಲೆಯ ಬಹುಪಾಲು.

ಜಾಲಹಳ್ಳಿಯ ದಾಯಾದಿ

ಈ ಕಥೆಯನ್ನು ಕರ್ನಾಟಕದವರು ಬೇರೆಯವರ ಮನೆಯ ವಾರ್ತೆಯೆಂದು ಓದುವಂತಿಲ್ಲ. ೧೯೫೩ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ತಲೆಯೆತ್ತಿದ ಹಿಂದುಸ್ಥಾನ್ ಮೆಷಿನ್ ಟೂಲ್ಸ್ ಕಾರ್ಖಾನೆಗೆ ಸಹಾಯಹಸ್ತ ನೀಡಿದ್ದು ಸ್ವಿಟ್ಜರ್‌ಲೆಂಡಿನದೇ ಆದ ಓರ್ಲಿಕಾನ್ ಕಂಪನಿ. ಗಡಿಯಾರದ ವಿಷಯ ಬಂದಾಗ ಎಚ್.ಎಂ.ಟಿ. ಜಪಾನಿನ ಸಿಟಿಜನ್ ಕಂಪನಿಯ ಕೈಹಿಡಿಯಿತು. ೧೯೬೧ರಲ್ಲಿ ಮೊದಲ ಗಡಿಯಾರಗಳನ್ನು ಪ್ರಧಾನಿ ಜವಾಹರಲಾಲ್ ನೆಹರೂ ಬಿಡುಗಡೆ ಮಾಡಿದರು. ಆಮದಿಗೆ ಕಡಿವಾಣ ಬಿದ್ದು, ಸ್ವಿಸ್ ಗಡಿಯಾರವೆಂದರೆ ಕಳ್ಳಸಾಗಣೆಯ ಮಾಲು ಎಂಬಂತಾಗಿದ್ದ ದಿನಗಳವು. ‘ಜನತಾ’, ‘ಪೈಲಟ್’, ‘ಜವಾನ್’, ‘ಸೋನಾ’, ‘ಕಾಂಚನ್’ — ಇವು ಬರಿಯ ಮಾದರಿಗಳ ಹೆಸರಲ್ಲ. ಒಂದು ತಲೆಮಾರಿನ ಪರೀಕ್ಷೆಯ ತೇರ್ಗಡೆ, ಮೊದಲ ಸಂಬಳ, ಮದುವೆ, ನಿವೃತ್ತಿಗಳ ದಿನಚರಿ. ಬೀಗರ ಮಾತುಕತೆಯಲ್ಲಿ ‘ಸ್ವಿಸ್’ ಕುಳಿತಿದ್ದ ಪೀಠಕ್ಕೆ ಎಚ್.ಎಂ.ಟಿ. ಏರಿ ಕುಳಿತದ್ದು ಸಣ್ಣ ಸಾಧನೆಯೇನಲ್ಲ. ಬೆಂಗಳೂರಿನ ಬಳಿಕ ಶ್ರೀನಗರ, ತುಮಕೂರು, ರಾಣಿಬಾಗ್‌ಗಳಲ್ಲಿ ಕಾರ್ಖಾನೆಗಳೆದ್ದವು. ಅಂಧರು ಮುಟ್ಟಿ ಸಮಯ ತಿಳಿಯುವ ಬ್ರೈಲ್ ಗಡಿಯಾರವನ್ನೂ ಅದು ಮಾಡಿತು. ಕಂಪನಿಯ ಬಾಳಿನಲ್ಲಿ ಹೊರಬಂದ ಗಡಿಯಾರಗಳ ಸಂಖ್ಯೆ ಹತ್ತು ಕೋಟಿಯನ್ನು ಮೀರಿತು. ಜಿನೀವಾದ ಉದ್ಯಾನದಲ್ಲಿ ೧೯೫೫ರಿಂದ ಹೂಗಳಲ್ಲಿ ಅರಳಿದ ಗಡಿಯಾರವೊಂದು ಪ್ರವಾಸಿಗರನ್ನು ಸೆಳೆಯುತ್ತದೆ. ಬೆಂಗಳೂರಿನ ಲಾಲ್‌ಬಾಗಿಗೆ ೧೯೮೩ರಲ್ಲಿ ಅಂಥದೇ ಹೂಗಡಿಯಾರವನ್ನು ಕೊಟ್ಟದ್ದು ಎಚ್.ಎಂ.ಟಿ.

ಮುಂದಿನದು ವಿಷಾದದ ಅಧ್ಯಾಯ. ೧೯೮೪ರಲ್ಲಿ ಟಾಟಾ ಸಂಸ್ಥೆಯೂ ತಮಿಳುನಾಡು ಸರ್ಕಾರದ ನಿಗಮವೂ ಕೂಡಿ ಟೈಟನ್ ಕಂಪನಿಯನ್ನು ಸ್ಥಾಪಿಸಿದವು. ಬೆಂಗಳೂರಿಗೆ ಮಗ್ಗುಲಾದ ಹೊಸೂರಿನಿಂದ ೧೯೮೭ರಲ್ಲಿ ಹೊರಬಂದ ಅದರ ಸ್ಫಟಿಕದ ಗಡಿಯಾರಗಳು ಜನರ ಮನಸ್ಸನ್ನು ಸೂರೆಗೊಂಡವು. ಎಚ್.ಎಂ.ಟಿ.ಯಲ್ಲಿ ಪಳಗಿದ ಕೆಲವರು ಅಲ್ಲಿಗೆ ಹೋದರು. ಸ್ಫಟಿಕದ ಗಡಿಯಾರ ಎಚ್.ಎಂ.ಟಿ.ಗೂ ತಿಳಿಯದ್ದಾಗಿರಲಿಲ್ಲ, ಟೈಟನ್ನಿಗಿಂತ ಮೊದಲೇ ಅದನ್ನು ಮಾಡಿತ್ತು. ಆದರೆ ಸರಕು ಹೇಗಿದ್ದರೂ ಜನ ಕಾದು ಕೊಳ್ಳುವ ಕಾಲದಲ್ಲಿ ಬೆಳೆದ ಸಂಸ್ಥೆಗೆ, ಗಿರಾಕಿಯ ಮನೆಬಾಗಿಲಿಗೆ ತಾನೇ ಹೋಗುವ ಅಭ್ಯಾಸವಿರಲಿಲ್ಲ. ೧೯೯೧ರ ಬಳಿಕ ಮಾರುಕಟ್ಟೆ ತೆರೆದಾಗ ನಷ್ಟದ ಮೇಲೆ ನಷ್ಟ ಕೂಡುತ್ತ ಹೋಯಿತು. ೨೦೧೬ರ ಜನವರಿಯಲ್ಲಿ ಕೇಂದ್ರ ಸಚಿವಸಂಪುಟ ಎಚ್.ಎಂ.ಟಿ. ವಾಚಸ್ ಕಂಪನಿಯನ್ನು ಮುಚ್ಚಲು ಒಪ್ಪಿಗೆಯಿತ್ತಿತು. ತುಮಕೂರಿನ ಕಾರ್ಖಾನೆಯ ನೆಲ ಇಸ್ರೋ ಸಂಸ್ಥೆಯ ಪಾಲಾಯಿತು. ಗಡಿಯಾರ ಮಾಡಿದ ನೆಲ ಬಾಹ್ಯಾಕಾಶದ ಕೆಲಸಕ್ಕೆ ಸಂದಿತೆಂದು ಸಮಾಧಾನ ತಾಳಬಹುದು. ಆದರೂ ಬೆರಳ ತುದಿಯಲ್ಲಿ ಸೂಕ್ಷ್ಮ ಕಸುಬನ್ನು ಕಲಿತಿದ್ದ ಸಾವಿರಾರು ಗಂಡಸರ, ಹೆಂಗಸರ ವಿದ್ಯೆ ಸ್ವಯಂನಿವೃತ್ತಿಯ ಹಣಕ್ಕೆ ಚುಕ್ತಾ ಆದದ್ದನ್ನು ನೆನೆದರೆ ಮನಸ್ಸು ಮುದುಡದೆ ಇರದು. ಲ ಲೋಕ್ಲಿನ ಅಟ್ಟ ಇಲ್ಲಿ ಇರಲಿಲ್ಲ. ಜಾಲಹಳ್ಳಿಯಲ್ಲಿ ೨೦೧೯ರಿಂದ ಒಂದು ಚಂದದ ವಸ್ತುಸಂಗ್ರಹಾಲಯವಿದೆ; ಅಲ್ಲಿ ಯಂತ್ರಗಳನ್ನು ನೋಡಬಹುದು.

ಆಶ್ಚರ್ಯವೆಂದರೆ, ಜನ ಬೇಡವೆಂದು ಪೆಟ್ಟಿಗೆಗೆ ಹಾಕಿದ್ದ ಕೀಲಿಯ ‘ಜನತಾ’, ‘ಪೈಲಟ್’ಗಳನ್ನು ಇಂದಿನ ತರುಣರು ಹುಡುಕಿಕೊಂಡು ಹೋಗಿ ಕೊಳ್ಳುತ್ತಿದ್ದಾರೆ. ಸ್ವಿಸ್ಸರು ೧೯೮೦ರ ದಶಕದಲ್ಲಿ ಕಂಡುಕೊಂಡ ಗುಟ್ಟೇ ಇಲ್ಲಿಯೂ ಹೊರಬಿದ್ದಿದೆ. ಹೊರಬೀಳುವಾಗ ಕಾರ್ಖಾನೆ ಉಳಿದಿರಲಿಲ್ಲ ಅಷ್ಟೆ.

ಸ್ವಿಸ್ಸರ ಕೀರ್ತಿಯೂ ಕಳಂಕರಹಿತವೆಂದು ಭಾವಿಸಬೇಕಾಗಿಲ್ಲ. ೨೦೨೧ರಲ್ಲಿ ಜಿನೀವಾದ ಹರಾಜಿನಲ್ಲಿ ೩೦ ಲಕ್ಷ ಫ್ರಾಂಕಿಗೂ ಮಿಗಿಲಾಗಿ ಮಾರಾಟವಾದ ಹಳೆಯ ಒಮೆಗಾ ಗಡಿಯಾರವೊಂದು ಬೇರೆಬೇರೆ ಗಡಿಯಾರಗಳ ಭಾಗಗಳನ್ನು ಕೂಡಿಸಿ ಮಾಡಿದ ಕಲಬೆರಕೆಯೆಂದೂ, ಅದರಲ್ಲಿ ತನ್ನ ಮಾಜಿ ನೌಕರರ ಕೈವಾಡವ��ತ್ತೆಂದೂ ೨೦೨೩ರಲ್ಲಿ ಒಮೆಗಾ ಕಂಪನಿಯೇ ಬಹಿರಂಗಪಡಿಸಿತು. ಇನ್ನು ಡಯಲಿನ ತಳದಲ್ಲಿ ಇರುವೆಯ ಕಾಲಿನಷ್ಟು ಸಣ್ಣದಾಗಿ ಬರೆದಿರುವ ‘ಸ್ವಿಸ್ ಮೇಡ್’ ಎಂಬ ಎರಡು ಪದಗಳ ಅರ್ಥ, ಗಡಿಯಾರದ ಅಣು ಅಣುವೂ ಆಲ್ಪ್ಸ್ ಪರ್ವತದ ನೆರಳಲ್ಲಿ ಹುಟ್ಟಿತೆಂದಲ್ಲ. ೨೦೧೭ರಿಂದ ಜಾರಿಯಲ್ಲಿರುವ ಕಾನೂನಿನಂತೆ ತಯಾರಿಕೆಯ ವೆಚ್ಚದ ಕನಿಷ್ಠ ೬೦ ಪಾಲು ಅಲ್ಲಿಯದಾಗಿರಬೇಕು. ಉಳಿದ ೪೦ ಎಲ್ಲಿಂದಲಾದರೂ ಬರಬಹುದು. ಬರುತ್ತಲೂ ಇದೆ. ಕೆ.ಡಿ.ಡಿ.ಎಲ್. ಎಂಬ ಭಾರತೀಯ ಕಂಪನಿ ಸ್ವಿಸ್ ಗಡಿಯಾರಗಳಿಗೆ ಡಯಲುಗಳನ್ನೂ ಮುಳ್ಳುಗಳನ್ನೂ ಒದಗಿಸುತ್ತದೆ. ಅದರ ಮುಳ್ಳುಗಳ ಕಾರ್ಖಾನೆಯಿರುವುದು ಬೆಂಗಳೂರಿನಲ್ಲಿ. ಜಿನೀವಾದ ಅಂಗಡಿಯ ಗಾಜಿನೊಳಗೆ ಮಿನುಗುವ ಗಡಿಯಾರವೊಂದರಲ್ಲಿ ಸಮಯ ತೋರುವ ಮುಳ್ಳು ಕನ್ನಡದ ನೆಲದ್ದಾಗಿರುವುದು ಅಸಂಭವವೇನಲ್ಲ!

ಕೊಡುಕೊಳ್ಳುವ ಚಕ್ರ ಬೇರೆ ರೀತಿಗಳಲ್ಲಿಯೂ ತಿರುಗಿದೆ. ಫೇವರ್ ಲ್ಯೂಬಾವನ್ನು ೨೦೧೧ರಲ್ಲಿ ಟೈಟನ್ ಕೊಂಡಿತು. ಈಗ ಅದು ಇನ್ನೊಂದು ಭಾರತೀಯ ಸಂಸ್ಥೆಯಾದ ಇಥೋಸ್‌ನ ಬಳಗದ ಕೈಯಲ್ಲಿದೆ. ಬೊಂಬಾಯಿಗೆ ಮಾಲು ಹೊತ್ತು ಬಂದ ಸ್ವಿಸ್ ಹೆಸರಿಗೆ ಭಾರತೀಯನೇ ಯಜಮಾನನಾದದ್ದು ಕಾಲದ ಚಮತ್ಕಾರ. ಬೆಂಗಳೂರಿನಲ್ಲಿ ೨೦೧೮ರಲ್ಲಿ ಮೊದಲಾದ ಬ್ಯಾಂಗಲೋರ್ ವಾಚ್ ಕಂಪನಿ ಎಂಬ ಕಿರಿಯ ಸಂಸ್ಥೆ ಸ್ವಿಸ್ ಯಂತ್ರಗಳನ್ನು ತರಿಸಿ, ಭಾರತದ ಬಾಹ್ಯಾಕಾಶ, ವಾಯುಪಡೆ, ಕ್ರಿಕೆಟ್ಟುಗಳ ಕಥೆಯನ್ನು ಡಯಲಿನ ಮೇಲೆ ಹೇಳುವ ಸಾಹಸ ಮಾಡುತ್ತಿದೆ. ಯಂತ್ರ ಮಾತ್ರ ಇನ್ನೂ ಹೊರಗಿನದೇ. ಅರುವತ್ತು ವರ್ಷಗಳ ಹಿಂದೆ ಜಾಲಹಳ್ಳಿ ಆ ಯಂತ್ರವನ್ನೂ ಮಾಡುತ್ತಿತ್ತೆಂಬುದನ್ನು ಮರೆಯುವುದು ಕಷ್ಟ. ಸ್ವಿಟ್ಜರ್‌ಲೆಂಡ್ ಮೊದಲಾದ ನಾಲ್ಕು ದೇಶಗಳೊಡನೆ ಭಾರತ ೨೦೨೪ರ ಮಾರ್ಚಿಯಲ್ಲಿ ಮಾಡಿಕೊಂಡ ವ್ಯಾಪಾರದ ಒಪ್ಪಂದ ೨೦೨೫ರ ಅಕ್ಟೋಬರ್ ೧ರಿಂದ ಜಾರಿಗೆ ಬಂದಿದ್ದು, ಸ್ವಿಸ್ ಗಡಿಯಾರಗಳ ಮೇಲಿನ ಆಮದು ಸುಂಕ ವರ್ಷದಿಂದ ವರ್ಷಕ್ಕೆ ಇಳಿಯಲಿದೆ. ಕೊಳ್ಳುವವರಿಗೆ ಅದು ಸುವಾರ್ತೆ.

ಕೊಂಡದ್ದನ್ನು ಕಾಪಾಡುವವರ ಸ್ಥಿತಿ ಹೇಗಿದೆಯೆಂಬುದು ಬೇರೆ ಮಾತು. ಜಮಖಂಡಿ, ಮುಧೋಳದಂಥ ಪೇಟೆಗಳಲ್ಲಿ ಗಡಿಯಾರ ರಿಪೇರಿಯ ಅಂಗಡಿಯೆಂದರೆ ಈಗ ಹೆಚ್ಚಾಗಿ ಬ್ಯಾಟರಿ ಬದಲಿಸುವ, ಪಟ್ಟಿ ಹಾಕಿಕೊಡುವ ಅಂಗಡಿ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ಕೂದಲೆಳೆಯ ಸ್ಪ್ರಿಂಗನ್ನು ನೇರಮಾಡಬಲ್ಲ ಮುದುಕರು ಎಲ್ಲಾದರೂ ಒಬ್ಬಿಬ್ಬರು ಸಿಕ್ಕಾರು. ಅಜ್ಜನ ಗಡಿಯಾರವನ್ನು ಮೊಮ್ಮಗ ಅಂಥವರ ಮುಂದೆ ಬಿಚ್ಚಿಟ್ಟರೆ ಅವರು ಮೊದಲು ಕಿವಿಗೆ ಹಿಡಿದು ಆಲಿಸುತ್ತಾರೆ. ಹಿಂದಿನ ಮುಚ್ಚಳ ತೆಗೆದು, ಉಸಿರು ಬಿಗಿಹಿಡಿದು ನೋಡುತ್ತಾರೆ. ಎಚ್.ಎಂ.ಟಿ.ಯ ಹೊಸ ಬಿಡಿಭಾಗ ಈಗ ಸುಲಭವಾಗಿ ದೊರೆಯದು. ಆದ್ದರಿಂದ ಮೇಜಿನ ಒಳಗಿನ ತಗಡಿನ ಡಬ್ಬಿಯನ್ನು ಹೊರತೆಗೆದು, ಹಿಂದೆಂದೋ ನಿಂತುಹೋದ ಇನ್ನೊಂದು ‘ಜನತಾ’ದ ಒಡಲಿನಿಂದ ಚಿಮಟದ ತುದಿಯಲ್ಲಿ ಒಂದು ಚಕ್ರವನ್ನು ಎತ್ತಿ, ಇದರೊಳಗೆ ಕೂರಿಸುತ್ತಾರೆ.